ಹುತ್ತರಿ ಹಾಡಲ್ಲಿ ‘ಅಲ್ಲೆ ಆ ಕಡೆ ನೋಡಲಾ’ ಬಂದ ತಕ್ಷಣ ಗಂಟಲು ಕಟ್ಟುತ್ತೆ, ಯಾಕೆ? ತಾಳ ರಾಗ ಗೊತ್ತಿರೋರು ಹೇಳಿ

ಐಗೂರು_ಕೀಬೋರ್ಡ್:

ಎಲ್ಲರಿಗೂ ನಮಸ್ಕಾರ. ಪಂಜೆ ಮಂಗೇಶರಾಯರ ಹುತ್ತರಿ ಹಾಡು ಗೊತ್ತಲ್ಲ (ಹುತ್ತರಿ ಅಂದ್ರೆ ಕೊಡಗಿನ ಸುಗ್ಗಿ ಹಬ್ಬ), ಕೊಡಗಲ್ಲಿ ಕನ್ನಡ ಶಾಲೆಗೆ ಹೋದೋರಿಗೆ ಗೊತ್ತಿಲ್ದೆ ಇರೋ ಚಾನ್ಸೇ ಇಲ್ಲ, ಆಗಸ್ಟ್ ಹದಿನೈದು ಇರ್ಲಿ ರಾಜ್ಯೋತ್ಸವ ಇರ್ಲಿ ಸ್ಕೂಲ್ ಡೇ ಇರ್ಲಿ ಒಂದು ಗುಂಪು ಸ್ಟೇಜ್ ಹತ್ತಿ ‘ಎಲ್ಲಿ ಭೂರಮೆ ದೇವಸನ್ನಿಧಿ ಬಯಸಿ ಬಿಮ್ಮನೆ ಬಂದಳೋ’ ಅಂತ ಶುರು ಮಾಡೋದೇ. ನಾನೂ ಹಾಡಿದೀನಿ, ಹಿಂದಿನ ಸಾಲಲ್ಲಿ ನಿಂತು, ಅರ್ಥ ಏನೂ ಗೊತ್ತಿಲ್ದೆ.

ಈಗ ಬೆಂಗಳೂರಲ್ಲಿ ಕೆಲ್ಸ, ಸಂಜೆ ಹೊತ್ತು ಕೀಬೋರ್ಡ್ ಇಟ್ಕೊಂಡು ಏನಾದ್ರೂ ಬಾರಿಸ್ತಾ ಇರ್ತೀನಿ, ಸಂಗೀತ ಕಲಿತೋನಲ್ಲ, ಕಿವಿ ಮೇಲೆ ಹುಡುಕೋದು ಅಷ್ಟೆ. ಮೊನ್ನೆ ಈ ಹಾಡು ಟ್ರೈ ಮಾಡೋಣ ಅಂತ ಕೂತೆ, ಎರಡು ವಿಷಯ ತಲೆ ಕೆಡಿಸ್ತು.

ಒಂದು, ಕೀಬೋರ್ಡಲ್ಲಿರೋ ರಿದಮ್ ಯಾವುದೂ ಕೂರ್ತಿಲ್ಲ. ನಾಲ್ಕರ ಬೀಟ್ ಹಾಕಿದ್ರೆ ‘ಎಲ್ಲಿ’ಯನ್ನ ಎಲ್ಲ್‌ಲೀ ಅಂತ ಎಳೀಬೇಕು, ಮೂರರ ಬೀಟ್ ಹಾಕಿದ್ರೆ ‘ಭೂರಮೆ’ ಹೊತ್ತಿಗೆ ಕಾಲು ತಪ್ಪುತ್ತೆ. ಆದ್ರೆ ಶಾಲೇಲಿ ನಮಗೆ ಯಾರೂ ತಾಳ ಹೇಳಿಕೊಡದೆ ನಾವೆಲ್ಲಾ ಒಟ್ಟಿಗೇ ಹಾಡ್ತಿದ್ವಿ, ಒಬ್ಬನೂ ತಪ್ತಿರ್ಲಿಲ್ಲ.

ಎರಡನೇದು, ಮೊದಲ ನಾಲ್ಕು ಸಾಲು ಆರಾಮಾಗಿ ಹೋಗುತ್ತೆ. ‘ಅಲ್ಲೆ ಆ ಕಡೆ ನೋಡಲಾ’ ಬಂದ ಕೂಡ್ಲೆ ಗಂಟಲಲ್ಲಿ ಏನೋ ಸಿಕ್ಕಿಹಾಕ್ಕೊಂಡಂಗೆ ಆಗುತ್ತೆ, ಕಣ್ಣೂ ತುಂಬುತ್ತೆ. ಹೆಂಡ್ತಿ ನೋಡಿ ನಕ್ಕಳು. ಇದೇನು ದುಃಖದ ಹಾಡಾ ಮಾರಾಯ್ರೆ, ಯಾರೂ ಸತ್ತಿಲ್ಲ ಯಾರೂ ಬಿಟ್ಟು ಹೋಗಿಲ್ಲ, ನಾಡನ್ನ ಹೊಗಳೋ ಹಾಡು. ನಮ್ಮ ಶಾಲೆ ಧಾಟೀಲಿ ಇರೋದು ಸ ರಿ ಗ ಪ ದ ಐದೇ ಸ್ವರ, ಅದರಲ್ಲಿ ಅಳಿಸುವಂಥ ಸ್ವರ ಒಂದೂ ಇಲ್ಲ. ಮತ್ತೆ ಯಾಕೆ? ಅದೂ ಆ ಜಾಗಕ್ಕೇ ಯಾಕೆ? ಊರು ಬಿಟ್ಟು ಬಂದಿದ್ದಕ್ಕೆ ಅಂತ ಒಂದೇ ಮಾತಲ್ಲಿ ಮುಗಿಸ್ಬೇಡಿ, ಹಾಡಿನ ಒಳಗೇ ಏನೋ ಇದೆ ಅಂತ ನನ್ನ ಅನುಮಾನ.

ಲಘು_ಗುರು:

ಒಳ್ಳೇ ಪ್ರಶ್ನೆ ತಮ್ಮಾ. ನಾನು ಕುಶಾಲನಗರದ ಕಡೆ ಹೈಸ್ಕೂಲಲ್ಲಿ ಕನ್ನಡ ಮೇಷ್ಟ್ರು, ಛಂದಸ್ಸು ಅಂದ್ರೆ ಮಕ್ಕಳು ಓಡಿ ಹೋಗೋ ಕಾಲದಲ್ಲಿ ನೀನು ಕೀಬೋರ್ಡ್ ಇಟ್ಕೊಂಡು ಛಂದಸ್ಸಿನ ಬಾಗಿಲಿಗೇ ಬಂದು ನಿಂತಿದೀಯ.

ಮಾತ್ರೆ ಲೆಕ್ಕ ಹಾಕು, ಹ್ರಸ್ವ ಅಕ್ಷರಕ್ಕೆ ಒಂದು, ದೀರ್ಘಕ್ಕೂ ಒತ್ತಕ್ಷರದ ಹಿಂದಿನ ಅಕ್ಷರಕ್ಕೂ ಎರಡು. ಎಲ್ಲಿ ಅಂದ್ರೆ ಮೂರು, ಭೂರಮೆ ನಾಲ್ಕು. ದೇವ ಮೂರು, ಸನ್ನಿಧಿ ನಾಲ್ಕು. ಬಯಸಿ ಮೂರು, ಬಿಮ್ಮನೆ ನಾಲ್ಕು. ಆಮೇಲೆ ಬಂದಳೋ, ಐದು. ಅಂದ್ರೆ ಮೂರು-ನಾಲ್ಕು, ಮೂರು-ನಾಲ್ಕು, ಮೂರು-ನಾಲ್ಕು, ಕೊನೆಗೆ ಒಂದು ಐದು. ನಿನ್ನ ಯಂತ್ರ ಬರೀ ನಾಲ್ಕು ಇಲ್ಲಾ ಬರೀ ಮೂರು ಎಣಿಸ್ತಿದೆ, ಹಾಡು ಏಳು ಎಣಿಸ್ತಿದೆ, ಕೂರೋದು ಹೆಂಗೆ?

ಮಕ್ಕಳಿಗೆ ಹೇಳಿಕೊಡದೇನೇ ಬರೋದಕ್ಕೂ ಕಾರಣ ಇದೆ. ಮೂರು-ನಾಲ್ಕರ ನಡೆ ಕನ್ನಡದ ಕಿವಿಗೆ ಹೊಸದಲ್ಲ, ಕುಮಾರವ್ಯಾಸ ತನ್ನ ಭಾರತ ಬರೆದಿದ್ದು ಭಾಮಿನಿ ಷಟ್ಪದೀಲಿ, ಅದರ ನಡೆ ಇದೇ. ಗಮಕ, ಅಂದ್ರೆ ಕಾವ್ಯ ಹಾಡಿ ಓದೋದು, ಕೇಳಿದೋರಿಗೆ ಗೊತ್ತು. ಪಂಜೆಯವರು ಬೇರೆ ನಡೆಯಲ್ಲಿ ಬರೀತಿರ್ಲಿಲ್ಲ ಅಂತಲ್ಲ, ‘ನಾಗರ ಹಾವೆ ಹಾವೊಳು ಹೂವೆ’ ಅವರದ್ದೇ, ಅದು ನಾಲ್ಕರ ನಡೆ, ನಿನ್ನ ಕೀಬೋರ್ಡ್ ರಿದಮ್‌ಗೆ ಹಾಕಿದ್ರೆ ಸಲೀಸಾಗಿ ಹೋಗುತ್ತೆ, ಟ್ರೈ ಮಾಡಿ ನೋಡು. ಚಿಕ್ಕ ಮಕ್ಕಳ ಕುಣಿತಕ್ಕೆ ನಾಲ್ಕು, ಈ ಬೆಟ್ಟದ ಸೀಮೆಗೆ ಏಳು. ಗದ್ದೆ ಬದು ಮೇಲೆ ನಡೆದಂಗೆ, ಒಂದು ಹೆಜ್ಜೆ ಗಿಡ್ಡ ಒಂದು ಹೆಜ್ಜೆ ಉದ್ದ.

ಈಗ ನಿನ್ನ ಎರಡನೇ ಪ್ರಶ್ನೆ. ಕೊನೇ ಗಣ, ಅಂದ್ರೆ ಮಾತ್ರೆಗಳ ಗುಂಪು, ಐದು ಅಂದೆನಲ್ಲ, ಏಳು ಆಗ್ಬೇಕಾದ ಕಡೆ ಐದು, ಎರಡು ಮಾತ್ರೆ ಖಾಲಿ. ಆ ಖಾಲಿಯಲ್ಲಿ ಉಸಿರು ತಗೋತೀವಿ ಇಲ್ಲಾ ‘ಬಂದಳೋಓಓ’ ಅಂತ ಎಳೀತೀವಿ. ಉದ್ದ ಸಾಲು ನಾಲ್ಕು, ಪ್ರತಿಯೊಂದರಲ್ಲೂ ಮೂರು ಪೂರ್ತಿ ಏಳು ದಾಟಿದ ಮೇಲೆ ಒಂದು ಖಾಲಿ. ನಾಲ್ಕೂ ಸಾಲು ‘ಎಲ್ಲಿ’ ಅಂತ ಶುರು ಆಗುತ್ತೆ, ಕೇಳ್ತಾನೇ ಇರುತ್ತೆ, ಉತ್ತರ ಕೊಡಲ್ಲ. ಆಮೇಲೆ ಬರೋ ಸಾಲು ಗಿಡ್ಡ. ‘ಅಲ್ಲೆ ಆ ಕಡೆ’ ಒಂದೇ ಒಂದು ಏಳು, ತಕ್ಷಣ ‘ನೋಡಲಾ’ ಐದು, ಮತ್ತೆ ಖಾಲಿ. ‘ಅಲ್ಲೆ ಕೊಡಗರ ನಾಡಲಾ’ ಮತ್ತೆ ಖಾಲಿ. ‘ಅಲ್ಲೆ ಕೊಡಗರ ಬೀಡಲಾ’ ಮತ್ತೆ ಖಾಲಿ. ಇಷ್ಟು ಹೊತ್ತು ನಾಲ್ಕು ಗಣಕ್ಕೆ ಒಂದ್ಸಲ ಬರ್ತಿದ್ದ ಉಸಿರು ಈಗ ಎರಡಕ್ಕೊಂದು ಸಲ ಬರ್ತಿದೆ. ಬಿಕ್ಕೋವಾಗ ಉಸಿರು ಹೆಂಗೆ ಬರುತ್ತೆ ಹೇಳು? ಗಿಡ್ಡ ಗಿಡ್ಡ. ನಿನ್ನ ಮನಸ್ಸಿಗಿಂತ ಮೊದಲು ನಿನ್ನ ಎದೆಗೂಡಿಗೆ ಗೊತ್ತಾಗಿದೆ, ಅಷ್ಟೆ.

ಇನ್ನೊಂದು. ಉದ್ದ ಸಾಲು ಜೋಡಿ ಜೋಡಿ, ಬಂದಳೋ-ನಿಂದಳೋ, ಹೊಳೆವಳೋ-ಕಳೆವಳೋ. ಕಿವಿ ಜೋಡಿಗೆ ಒಗ್ಗಿಹೋಗಿರುತ್ತೆ. ಗಿಡ್ಡ ಸಾಲಿಗೆ ಬಂದಾಗ ನೋಡಲಾ-ನಾಡಲಾ ಅಲ್ಲಿಗೆ ಲೆಕ್ಕ ಚುಕ್ತಾ ಆಗ್ಬೇಕಿತ್ತು, ಆದ್ರೆ ಮೂರನೇದು ಒಂದು ಬರುತ್ತೆ, ಬೀಡಲಾ. ಆ ಮೂರನೇ ಸಾಲು ಲೆಕ್ಕಕ್ಕಿಂತ ಹೆಚ್ಚು. ನನ್ನ ಕೇಳಿದ್ರೆ ಪದ್ಯದ ಜೀವ ಆ ಹೆಚ್ಚುವರಿ ಸಾಲಲ್ಲಿದೆ.

ಶ್ರುತಿಪೆಟ್ಟಿಗೆ:

ಮೇಷ್ಟ್ರೇ ಚೆನ್ನಾಗಿ ಹೇಳಿದ್ರಿ. ನಾನು ಮಡಿಕೇರೀಲಿ ಮಕ್ಕಳಿಗೆ ಸಂಗೀತ ಹೇಳಿಕೊಡ್ತೀನಿ, ನಮ್ಮ ಭಾಷೇಲಿ ಇದು ಮಿಶ್ರ ಚಾಪು, ಏಳರ ತಾಳ, ತಕಿಟ ತಕಧಿಮಿ. ಕೀಬೋರ್ಡಲ್ಲಿ ಏಳರ ರಿದಮ್ ಇಲ್ದೆ ಇದ್ರೆ ಫೋನಲ್ಲಿ ಮೆಟ್ರೊನೋಮ್ ಆ್ಯಪ್ ಹಾಕ್ಕೊಂಡು ಏಳು ಅಂತ ಇಟ್ಟು ಒಂದನೇದಕ್ಕೂ ನಾಲ್ಕನೇದಕ್ಕೂ ಮಾತ್ರ ಪೆಟ್ಟು ಬರೋ ಹಾಗೆ ಮಾಡ್ಕೊಳ್ಳಿ ಸಾಕು.

ಧಾಟಿ ವಿಷಯ ಮೊದ್ಲು ಹೇಳ್ಬಿಡ್ತೀನಿ, ಇದಕ್ಕೆ ಇದೇ ಅಂತ ಒಂದು ಧಾಟಿ ಇಲ್ಲ, ಶಾಲೆಗೊಂದು ಥರ ಹಾಡ್ತಾರೆ. ನೀವು ಹೇಳಿದ ಐದು ಸ್ವರದ್ದು ನಾನು ಹೇಳಿಕೊಡೋದೂ ಅದೇ, ಮೋಹನ ರಾಗದ ನೆರಳು. ಮಧ್ಯಮ (ಮ) ಇಲ್ಲ ನಿಷಾದ (ನಿ) ಇಲ್ಲ. ಅವೆರಡೂ ಇಲ್ಲದ್ರಿಂದ ಪಕ್ಕಪಕ್ಕದಲ್ಲಿ ಅರ್ಧ ಸ್ವರದ ಸಂದು ಎಲ್ಲೂ ಬರಲ್ಲ, ಅದಕ್ಕೇ ಐವತ್ತು ಮಕ್ಕಳು ಒಬ್ಬೊಬ್ಬರು ಒಂಚೂರು ಆಚೆ ಈಚೆ ಹಾಡಿದ್ರೂ ಕಿವಿಗೆ ಹೊಡೆಯಲ್ಲ, ಗುಂಪಲ್ಲಿ ಹಾಡೋಕೆ ಹೇಳಿ ಮಾಡಿಸಿದ ರಾಗ. ಅಳಿಸೋ ಸ್ವರ ಇಲ್ಲ ಅಂದ್ರಲ್ಲ, ಅದು ಸರಿ, ಆದ್ರೆ ಅಳಿಸೋದು ಯಾವಾಗ್ಲೂ ಸ್ವರ ಅಲ್ಲ, ಸ್ವರ ಎಲ್ಲಿಂದ ಎಲ್ಲಿಗೆ ಹೋಯ್ತು ಅನ್ನೋದು.

ನಾನು ಕಲಿಸೋ ಧಾಟೀಲಿ ಮೊದಲ ಎರಡು ಸಾಲು ಸ ರಿ ಗ ಒಳಗೇ ಸುತ್ತುತ್ತೆ. ಮೂರನೇ ಸಾಲು ಪಂಚಮ (ಪ) ಮುಟ್ಟುತ್ತೆ. ನಾಲ್ಕನೇದು ಇಳಿದು ರಿಷಭದಲ್ಲಿ (ರಿ) ನಿಲ್ಲುತ್ತೆ, ಷಡ್ಜಕ್ಕೆ (ಸ) ಬರಲ್ಲ, ಒಂದು ಮೆಟ್ಟಿಲು ಬಾಕಿ. ಅಲ್ಲಿಂದ ‘ಅಲ್ಲೆ’ ಒಂದೇ ಸಲಕ್ಕೆ ಮೇಲಿನ ಷಡ್ಜಕ್ಕೆ ಹಾರುತ್ತೆ. ಮಕ್ಕಳ ಗಂಟಲು ಸ್ವಲ್ಪ ಒಡೆಯೋದು ಅಲ್ಲೇ, ಕತ್ತಿನ ನರ ಉಬ್ಬೋದು ಅಲ್ಲೇ. ಎರಡನೇ ‘ಅಲ್ಲೆ’ ಪಂಚಮಕ್ಕೆ ಇಳೀತು, ಮೂರನೇದು ಕೆಳಗಿನ ಷಡ್ಜಕ್ಕೆ ಬಂದು ಕೂತ್ಕೊಳ್ತು. ಮೇಷ್ಟ್ರು ಹೆಚ್ಚುವರಿ ಅಂದ ಸಾಲಲ್ಲೇ ರಾಗ ಮನೆಗೆ ಬರೋದು.

ಮತ್ತೆ ಒಂದು ಸಿಟ್ಟು ಇದೆ, ಇಲ್ಲೇ ಹೇಳ್ಕೋತೀನಿ. ಈಗ ಕಾರ್ಯಕ್ರಮಕ್ಕೆ ಟ್ರ್ಯಾಕ್ ಮಾಡಿಸ್ತಾರಲ್ಲ, ಡಾನ್ಸ್‌ಗೆ ಅನುಕೂಲ ಆಗ್ಲಿ ಅಂತ ನಾಲ್ಕರ ಬೀಟ್‌ಗೆ ಎಳೆದು ಕಟ್ಟಿಬಿಡ್ತಾರೆ, ಮೂರು ಮಾತ್ರೆ ಇರೋ ‘ಎಲ್ಲಿ’ ನಾಲ್ಕಾಗುತ್ತೆ, ಖಾಲಿ ಇರೋ ಕಡೆ ಡ್ರಮ್ ರೋಲ್ ತುಂಬಿಸ್ತಾರೆ. ಉಸಿರಾಡೋ ಜಾಗ ಹೋದ ಮೇಲೆ ಆ ಹಾಡು ಬರೀ ಮೆರವಣಿಗೆ ಹಾಡು. ನನಗೆ ಅದು ಕೇಳಿ ಒಂದ್ಸಲಾನೂ ಕಣ್ಣು ತುಂಬಿಲ್ಲ.

ಹಾರಂಗಿ_ನಾಲೆ:

ಎಲ್ಲಾ ಸರಿ, ಆದ್ರೆ ನೀವೆಲ್ಲಾ ಸ್ವಲ್ಪ ಓವರ್ ಮಾಡ್ತಿದೀರಾ ಅನ್ಸುತ್ತೆ 😄 ಇದು ಸಿಂಪಲ್ ನಾಸ್ಟಾಲ್ಜಿಯಾ. ನಮ್ಮ ಆಫೀಸಲ್ಲಿ ಹುಬ್ಬಳ್ಳಿ ಕಡೆಯೋನು ಒಬ್ಬ ಇದಾನೆ, ಒಳ್ಳೇ ಕನ್ನಡದೋನು, ಓದಿಕೊಂಡೋನು, ಅವನಿಗೆ ಕೇಳಿಸ್ದೆ, ಚಂದ ಐತಿ ಅಂದ, ಅಷ್ಟೆ, ಚಾ ಕುಡಿಯೋಕೆ ಹೋದ. ಮೂರು-ನಾಲ್ಕರ ಉಸಿರಾಟದಲ್ಲೇ ಮ್ಯಾಜಿಕ್ ಇದ್ರೆ ಅವನಿಗೂ ಆಗ್ಬೇಕಿತ್ತಲ್ವಾ? ಶಾಲೇಲಿ ಆ ವಯಸ್ಸಲ್ಲಿ ಯಾವ ಹಾಡು ಹಾಡಿಸಿದ್ರೂ ಈಗ ಕೇಳಿದ್ರೆ ಗಂಟಲು ಕಟ್ಟುತ್ತೆ. ಯೂನಿಫಾರ್ಮು, ಒದ್ದೆ ಗ್ರೌಂಡು, ಸ್ವೆಟರ್ ವಾಸನೆ, ಅದೆಲ್ಲಾ ಸೇರಿ ಬರೋದು.

ಲಘು_ಗುರು:

ಹಾರಂಗಿ, ಯಾವ ಹಾಡು ಹಾಡಿಸಿದ್ರೂ ಅಂತೀಯಲ್ಲ, ನಿನಗೆ ಶಾಲೇಲಿ ಹಾಡಿಸಿದ್ದ ಬೇರೆ ಹಾಡುಗಳಲ್ಲಿ ನಾಲ್ಕು ಸಾಲು ಪೂರ್ತಿ ನೆನಪಿರೋದು ಎಷ್ಟು? ಸ್ವಾಗತ ಗೀತೆ ನೆನಪಿದೆಯಾ? ಅದನ್ನೂ ಅದೇ ಒದ್ದೆ ಗ್ರೌಂಡಲ್ಲೇ ಹಾಡಿದ್ದು. ಮತ್ತೆ ನೆನಪೇ ಕಾರಣ ಆಗಿದ್ರೆ ಹಾಡು ಶುರು ಆದ ತಕ್ಷಣ ಆಗ್ಬೇಕು, ಕೇಳಿದ ತಮ್ಮ ಹೇಳ್ತಿರೋದು ಐದನೇ ಸಾಲಿಗೆ ಆಗುತ್ತೆ ಅಂತ.

ಹಾರಂಗಿ_ನಾಲೆ:

ಐದನೇ ಸಾಲಿಗೆ ಆಗೋದು ಯಾಕಂದ್ರೆ ಎಲ್ಲರೂ ಜೋರಾಗಿ ಕಿರುಚ್ತಿದ್ದಿದ್ದೇ ಅಲ್ಲಿ ಸರ್ 😀 ಮೊದಲ ನಾಲ್ಕು ಸಾಲು ಮುಂದಿನ ಹುಡ್ಗೀರು ಹಾಡ್ತಿದ್ರು, ನಾವು ಬಾಯಿ ಆಡಿಸ್ತಿದ್ವಿ. ಆದ್ರೂ ಸ್ವಾಗತ ಗೀತೆ ಪಾಯಿಂಟ್ ಒಪ್ಕೋತೀನಿ, ಒಂದು ಸಾಲೂ ನೆನಪಿಲ್ಲ.

ಕಿತ್ತಳೆ_ತೋಟ:

ಈ ಥ್ರೆಡ್ ನನ್ನ ಮಗಳು ತೋರಿಸಿದ್ದು, ಟೈಪಿಂಗ್ ತಪ್ಪಿದ್ರೆ ಅಡ್ಜಸ್ಟ್ ಮಾಡ್ಕೊಳ್ಳಿ. ನಾವು ಅಮ್ಮತ್ತಿ ಕಡೆ, ಕೊಡವರು. ಊರು ಬಿಟ್ಟೋರಿಗೆ ಮಾತ್ರ ಹೀಗಾಗುತ್ತೆ ಅಂತ ಯಾರೂ ತಿಳ್ಕೋಬೇಡಿ, ನಾನು ಮದುವೆ ಆಗಿ ಬಂದಿದ್ದೂ ಪಕ್ಕದ ಊರಿಗೇ, ಕೊಡಗು ಬಿಟ್ಟು ಎಲ್ಲೂ ಇದ್ದಿದ್ದಿಲ್ಲ, ನನಗೂ ಆ ಸಾಲಿಗೆ ಆಗುತ್ತೆ.

ನಮ್ಮದೇ ಹಾಡುಗಳು ಬೇರೆ ಇವೆ, ದುಡಿ ಅನ್ನೋ ಚಿಕ್ಕ ಚರ್ಮವಾದ್ಯ ಹಿಡ್ಕೊಂಡು ಇಬ್ಬಿಬ್ಬರು ಜೋಡಿಯಾಗಿ ನಾಲ್ಕು ಜನ ಹಾಡೋ ಬಾಳೋ ಪಾಟ್. ಒಂದು ಜೋಡಿ ಒಂದು ಸಾಲು ಬಿಟ್ರೆ ಇನ್ನೊಂದು ಜೋಡಿ ಎತ್ಕೊಳ್ಳುತ್ತೆ, ಗಂಟೆಗಟ್ಲೆ ಹಂಗೇ ಹೋಗುತ್ತೆ, ನಡಿಕೇರಿಯಂಡ ಚಿಣ್ಣಪ್ಪನವರು ಪೊಲೀಸ್ ಕೆಲಸದಲ್ಲಿದ್ದುಕೊಂಡೇ ಅವನ್ನೆಲ್ಲಾ ಕೂಡಿಸಿ ಬರೆದಿಟ್ಟು 1924ರಲ್ಲಿ ಪಟ್ಟೋಲೆ ಪಳಮೆ ಅಂತ ಪುಸ್ತಕ ಮಾಡಿದ್ರು. ಪುತ್ತರಿ (ಹುತ್ತರಿಗೆ ನಮ್ಮ ಮಾತಲ್ಲಿ ಹಂಗಂತೀವಿ) ರಾತ್ರಿ ಕದಿರು ತೆಗೆಯೋವಾಗ ಗುಂಡು ಹಾರಿಸಿ ಪೊಲಿ ಪೊಲಿ ದೇವಾ ಅಂತ ಕೂಗ್ತೀವಲ್ಲ, ಆ ಕೂಗಿಗೆ ಮೈ ಜುಮ್ ಅನ್ನುತ್ತೆ. ಆದ್ರೆ ಕಣ್ಣು ತುಂಬಲ್ಲ. ಕಣ್ಣು ತುಂಬೋದು ಈ ಕನ್ನಡ ಹಾಡಿಗೆ. ಇದು ಯಾಕೆ ಅಂತ ನಾನೂ ಎಷ್ಟೋ ಸಲ ಯೋಚನೆ ಮಾಡಿದೀನಿ.

ನನಗೆ ಹೊಳೆದಿದ್ದು ಹೇಳ್ತೀನಿ. ಪಂಜೆಯವರು ಕೊಡಗಿನವರಲ್ಲ. ಬಂಟ್ವಾಳದವರು, ಮನೆ ಮಾತು ಕೊಂಕಣಿ, ಮಡಿಕೇರಿ ಹೈಸ್ಕೂಲಿಗೆ ಹೆಡ್‌ಮಾಸ್ಟರಾಗಿ ಬಂದವರು. ಘಾಟಿ ಹತ್ತಿ ಬಂದು ಈ ಸೀಮೆ ನೋಡಿದವರು. ಅದಕ್ಕೇ ಅವರ ಪದ್ಯ ‘ಎಲ್ಲಿ’ ಅಂತ ಕೇಳುತ್ತೆ, ‘ಅಲ್ಲೆ ಆ ಕಡೆ’ ಅಂತ ಬೆರಳು ತೋರಿಸುತ್ತೆ. ನಮ್ಮೋರೇ ಯಾರಾದ್ರೂ ಬರೆದಿದ್ರೆ ಇಲ್ಲಿ, ನಮ್ಮ ಮನೆ, ನಮ್ಮ ಗದ್ದೆ ಅಂತ ಶುರು ಮಾಡ್ತಿದ್ರು, ಆಮೇಲೆ ಯಾವ ಒಕ್ಕ (ಮನೆತನ) ಯಾವ ನಾಡು ಅಂತ ಜಗಳಕ್ಕೂ ಬರ್ತಿತ್ತು. ಹೊರಗಿನೋರು ದೂರದಿಂದ ನೋಡಿದ್ರಿಂದ ಇಡೀ ಕೊಡಗು ಒಂದೇ ಚಿತ್ರದಲ್ಲಿ ಬಂತು. ಅವರು ತೀರಿಹೋಗಿದ್ದು 1937ರಲ್ಲಿ, ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ್ದು 1956ರಲ್ಲಿ, ಅಂದ್ರೆ ನಾವು ಕನ್ನಡ ರಾಜ್ಯಕ್ಕೆ ಸೇರೋಕೆ ಎಷ್ಟೋ ಮೊದಲೇ ಈ ಹಾಡು ಬಂದು ಕೂತಿತ್ತು. ಅರೆಭಾಷೆ ಗೌಡ್ರ ಮನೆ ಮಕ್ಕಳು, ನಮ್ಮ ಮಕ್ಕಳು, ತೋಟದ ಲೈನ್ ಮನೆ ಮಕ್ಕಳು, ಬ್ಯಾರಿ ಮಕ್ಕಳು, ಎಲ್ಲಾ ಒಂದೇ ಸಾಲಲ್ಲಿ ನಿಂತು ಹಾಡೋಕೆ ಆಗಿದ್ದೂ ಅದು ಯಾರ ಮನೆ ಮಾತೂ ಅಲ್ಲದ್ರಿಂದಲೇ ಅಂತ ನನ್ನ ಲೆಕ್ಕ.

ನಮ್ಮ ಟೀಚರ್ ಇದನ್ನ ಆ್ಯಕ್ಷನ್ ಸಾಂಗ್ ಮಾಡಿಸಿದ್ರು. ‘ಅಲ್ಲೆ ಆ ಕಡೆ’ ಬಂದಾಗ ಬಲಗೈ ಎತ್ತಿ ತೋರಿಸ್ಬೇಕು. ಯಾವ ಕಡೆ ಅಂತ ಅವರು ಹೇಳಿರ್ಲಿಲ್ಲ. ಒಬ್ಬಳು ಬೆಟ್ಟದ ಕಡೆ, ಒಬ್ಬಳು ರಸ್ತೆ ಕಡೆ, ನಾನು ಶಾಲೆ ಹಿಂದಿನ ಸೌದೆ ಕೊಟ್ಟಿಗೆ ಕಡೆ. ಕೊಡಗಿನ ಮಧ್ಯದಲ್ಲೇ ನಿಂತ್ಕೊಂಡು ಕೊಡಗು ಎಲ್ಲೋ ಆಚೆ ಇದೆ ಅಂತ ಕೈ ತೋರಿಸ್ತಿದ್ವಿ. ಆಗ ನಗು ಬರ್ತಿತ್ತು. ಈಗ ಅನ್ಸುತ್ತೆ, ಆ ಹಾಡಲ್ಲಿ ಊರಲ್ಲಿರೋನನ್ನೂ ಒಂದು ಗಳಿಗೆ ಊರಿಂದ ಹೊರಗೆ ನಿಲ್ಲಿಸ್ಬಿಡ್ತಾರೆ.

ಆದ್ರೆ ಅವರು ಅಲ್ಲಿಗೇ ಬಿಡಲ್ಲ, ಮುಂದಿನ ಪದ್ಯ ಓದಿ. ಎರಡನೇದು ‘ಯಾರು’ ಅಂತ ಕೇಳುತ್ತೆ, ‘ಅವರೆ ಕೊಡಗಿನ ಹಿರಿಯರು’ ಅನ್ನುತ್ತೆ, ಇನ್ನೂ ದೂರಾನೇ. ಆಮೇಲೆ ‘ಇದು ಅಗಸ್ತ್ಯನ ತಪದ ಮಣೆ ಕಾವೇರಿ ತಾಯ ತವರ್ಮನೆ’ ಬರುತ್ತೆ ನೋಡಿ, ಇದು ಅಂತ! ಎತ್ತಿದ ಕೈ ಕೆಳಗಿಳಿದು ಕಾಲ ಕೆಳಗಿನ ನೆಲ ತೋರಿಸುತ್ತೆ. ನೀವೆಲ್ಲಾ ಮೊದಲನೇ ಪದ್ಯದಲ್ಲೇ ನಿಂತ್ಬಿಟ್ಟಿದೀರ.

ಶ್ರುತಿಪೆಟ್ಟಿಗೆ:

ಅಕ್ಕಾ, ಸೌದೆ ಕೊಟ್ಟಿಗೆ ಓದಿ ನಕ್ಕೂ ನಕ್ಕೂ ಸಾಕಾಯ್ತು. ಆದ್ರೆ ನೀವು ಹೇಳಿದ್ದು ತುಂಬಾ ದೊಡ್ಡ ವಿಷಯ. ಶಾಲೆಗಳಲ್ಲಿ ಟೈಮ್ ಇಲ್ಲ ಅಂತ ಮೊದಲನೇ ಪದ್ಯ ಹೆಚ್ಚಂದ್ರೆ ಎರಡು ಹಾಡಿಸಿ ನಿಲ್ಲಿಸ್ತೀವಿ, ನಾನೂ ಅದನ್ನೇ ಮಾಡೋದು. ಹಾಗಾದ್ರೆ ಎಷ್ಟೋ ಜನ ಮಕ್ಕಳು ‘ಅಲ್ಲೆ’ಗೆ ಕೈ ಎತ್ತಿದೋರು ‘ಇದು’ಗೆ ಇಳಿಸ್ಲೇ ಇಲ್ಲ.

ಲಘು_ಗುರು:

ಅಕ್ಕನವರ ಮಾತಿಗೆ ಒಂದು ಸೇರಿಸ್ತೀನಿ, ಇದು ಕಣ್ಣಿಗೆ ಕಾಣಲ್ಲ, ಗಣ ಬಿಡಿಸಿದ್ರೆ ಕಾಣುತ್ತೆ. ಮೊದಲ ಪದ್ಯದ ಮೂರನೇ ಸಾಲು:

ಎಲ್ಲಿ ಮುಗಿಲಲಿ / ಮಿಂಚಿನೋಲ್ ಕಾ / ವೇರಿ ಹೊಳೆ ಹೊಳೆ / ಹೊಳೆವಳೋ

ಕಾವೇರಿ ಅನ್ನೋ ಹೆಸರು ಒಂದು ಗಣದಲ್ಲಿ ಹಿಡಿಸಲ್ಲ. ‘ಕಾ’ ಈ ಕಡೆ ‘ವೇರಿ’ ಆ ಕಡೆ. ಮೊದಲೆರಡು ಸಾಲು ನೋಡಿ, ಗಣ ಮುಗಿಯೋ ಕಡೆ ಪದವೂ ಮುಗಿಯುತ್ತೆ, ಗೀಟು ಹಾಕಿದಂಗೆ ನಡೆಯುತ್ತೆ. ನದಿ ಬಂದ ಕೂಡ್ಲೆ ಆ ಗೀಟು ದಾಟಿಬಿಡುತ್ತೆ. ಈಗ ಅಕ್ಕ ಬರೆದ ಸಾಲು ಬಿಡಿಸಿ, ‘ಇದು ಅಗಸ್ತ್ಯನ / ತಪದ ಮಣೆ ಕಾ / ವೇರಿ ತಾಯ ತ / ವರ್ಮನೆ’. ಇಲ್ಲೂ ಹಂಗೇ, ‘ಕಾ’ದಿಂದ ‘ವೇರಿ’ಗೆ ದಾಟು. ಬೇಕಂತ ಮಾಡಿದ್ರೋ ಕೈ ತಾನಾಗೇ ಹೋಯ್ತೋ, ಹಾಡೋರಿಗೆ ಮಾತ್ರ ಆ ಕಡೆ ಉಸಿರು ಬಿಡೋಕಾಗಲ್ಲ, ದಾಟಲೇಬೇಕು.

ಅದರ ಮುಂದಿನ ಸಾಲು, ‘ಎಲ್ಲಿ ನೆಲವನು ತಣಿಸಿ ಜನಮನ ಹೊಲದ ಕಳೆ ಕಳೆ ಕಳೆವಳೋ’, ಶುರುವಿನ ಎಲ್ಲಿ ಬಿಟ್ರೆ ಕೊನೇ ಓಕಾರದ ತನಕ ಎರಡು ಮಾತ್ರೆಯ ಗುರು ಒಂದೂ ಇಲ್ಲ, ಎಲ್ಲಾ ಒಂದೇ ಮಾತ್ರೆಯ ಲಘು, ನಾಲಿಗೆ ಜಾರಿಕೊಂಡು ಹೋಗುತ್ತೆ. ಅದಾದ ಮೇಲೆ ‘ಅಲ್ಲೆ ಆ’ ಅಂತ ಎರಡು ಭಾರದ ಪೆಟ್ಟು. ಓಡೋ ನೀರು ಬಂಡೆಗೆ ಬಡಿದಿದ್ದು ಅಲ್ಲಿ. ಮೇಡಂ ಅವರ ಷಡ್ಜ ಇರ್ಲಿ ಬಿಡ್ಲಿ, ಬರೀ ಓದಿದ್ರೂ ಗಂಟಲು ಅಲ್ಲಿ ತಡೆಯುತ್ತೆ.

ಎರಡನೇ ಪದ್ಯ ಬೇರೆ ಥರ ಗಟ್ಟಿ. ‘ಸವಿದು ಮೆದ್ದರೊ ಯಾರು ಪೂರ್ವದಿ ಹುಲಿಯ ಹಾಲಿನ ಮೇವನು, ಕವಣೆ ತಿರಿಕಲ್ಲಾಟವಾಡಿದರಾರೊ ಚಿಮ್ಮುತ ಸಾವನು’. ಸಾವನ್ನ ಕವಣೆ ಕಲ್ಲಿನ ಥರ ಚಿಮ್ಮಿ ಆಟ ಆಡಿದೋರು! ನಾನು ಪಾಠ ಮಾಡೋವಾಗ ಇಲ್ಲಿ ಹುಡುಗರು ಎದ್ದು ಕೂತ್ಕೋತಾರೆ. ಆದ್ರೆ ಅಲ್ಲಿ ಎದೆ ಉಬ್ಬುತ್ತೆ, ಕಣ್ಣು ತುಂಬಲ್ಲ. ಸವಿದು, ಕವಣೆ, ಅವರು, ಎರಡನೇ ಅಕ್ಷರ ಎಲ್ಲಾ ವಕಾರ, ಆದಿಪ್ರಾಸ ಬಿಟ್ಟಿಲ್ಲ. ಮೊದಲನೇದ್ರಲ್ಲಿ ಎಲ್ಲಿ, ಅಲ್ಲೆ. ಪ್ರಶ್ನೆಗೂ ಉತ್ತರಕ್ಕೂ ಒಂದೇ ಪ್ರಾಸ ಇರೋದ್ರಿಂದ ‘ಅಲ್ಲೆ’ ಕೇಳೋ ಮೊದಲೇ ಕಿವಿಗೆ ಅದು ಬೇಕಾಗಿರುತ್ತೆ.

ಹಟ್ಟಿಹೊಳೆ:

ನಾನು ಸಂಗೀತ ಛಂದಸ್ಸು ಏನೂ ಗೊತ್ತಿಲ್ಲದೋನು. 2018ರ ಆಗಸ್ಟ್ ಮಳೆಗೆ ಗುಡ್ಡ ಜಾರಿದ್ದು ನಮ್ಮ ಕಡೆ, ನಮ್ಮ ಮನೆ ಉಳೀತು ತೋಟದ ಒಂದು ಭಾಗ ಹೋಯ್ತು. ಆ ವರ್ಷ ರಾಜ್ಯೋತ್ಸವಕ್ಕೆ ಶಾಲೇಲಿ ಈ ಹಾಡು ಇತ್ತು. ‘ಎಲ್ಲಿ ಮೋಹನ ಗಿರಿಯ ಬೆರಗಿನ ರೂಪಿನಿಂದಲಿ ನಿಂದಳೋ’ ಅಂತ ಮಕ್ಕಳು ಹಾಡ್ತಿದಾರೆ, ಎದುರಿಗೇ ಗುಡ್ಡ ಕೆಂಪಗೆ ಸೀಳಿಕೊಂಡು ನಿಂತಿದೆ. ನಿಂದಳೋ ಅನ್ನೋ ಮಾತಿಗೆ ಕೂತಿದ್ದ ಹೆಂಗಸ್ರು ಸುಮಾರು ಜನ ಸೆರಗು ಬಾಯಿಗೆ ಹಿಡ್ಕೊಂಡ್ರು. ನಿಮ್ಮಲ್ಲಿ ಕಣ್ಣು ತುಂಬೋದು ಐದನೇ ಸಾಲಿಗೆ ಅಂತೀರಿ, ನಮ್ಮ ಕಡೆಯವರಿಗೆ ಈಗ ಎರಡನೇ ಸಾಲಿಗೇ ಆಗುತ್ತೆ. ಹಾಡು ಅದೇ, ಏಳರ ತಾಳಾನೂ ಅದೇ ಇರ್ಬೇಕು.

ಹಾರಂಗಿ_ನಾಲೆ:

ಹಟ್ಟಿಹೊಳೆ ಅಣ್ಣ, ಇದಕ್ಕೆ ನನ್ನ ಹತ್ರ ಉತ್ತರ ಇಲ್ಲ. ಮೇಷ್ಟ್ರು ಲೆಕ್ಕಾನೂ ನನ್ನ ನಾಸ್ಟಾಲ್ಜಿಯಾನೂ ಎರಡೂ ಇದಕ್ಕೆ ಸಾಕಾಗಲ್ಲ.

ಐಗೂರು_ಕೀಬೋರ್ಡ್:

ಎಲ್ಲರಿಗೂ ಥ್ಯಾಂಕ್ಸ್, ಇಷ್ಟು ಬರುತ್ತೆ ಅಂತ ನಿರೀಕ್ಷೆ ಇರ್ಲಿಲ್ಲ. ಹಟ್ಟಿಹೊಳೆ ಅಣ್ಣ ಬರೆದಿದ್ದು ಓದಿ ಸ್ವಲ್ಪ ಹೊತ್ತು ಏನೂ ಟೈಪ್ ಮಾಡೋಕಾಗ್ಲಿಲ್ಲ.

ನಿನ್ನೆ ರಾತ್ರಿ ಏಳರ ಮೆಟ್ರೊನೋಮ್ ಹಾಕ್ಕೊಂಡು ಕೂತೆ. ಮೊದಲ ಸಾಲಿಗೇ ಕೂತ್ಕೊಂಡ್ತು, ಎಲ್ಲ್‌ಲೀ ಅಂತ ಎಳೆಯೋ ಕಷ್ಟಾನೇ ಇಲ್ಲ. ಖಾಲಿ ಎರಡು ಮಾತ್ರೇಲಿ ಎಡಗೈಯನ್ನ ಕೀ ಮೇಲಿಂದ ಎತ್ಬಿಟ್ಟೆ, ಏನೂ ತುಂಬಿಸ್ಲಿಲ್ಲ, ಮೆಟ್ರೊನೋಮ್ ಟಿಕ್ ಮಾತ್ರ ಕೇಳ್ತಿರೋದು. ಆಮೇಲೆ ಒಂದು ಪರೀಕ್ಷೆ ಮಾಡ್ದೆ. ‘ಅಲ್ಲೆ’ಯನ್ನ ಮೇಲಿನ ಸಾಗೆ ಹಾರಿಸದೆ ಕೆಳಗಿನ ಗಾಂಧಾರದಲ್ಲೇ (ಗ) ಇಟ್ಟು ಬಾರಿಸ್ದೆ, ಆಗ್ಲೂ ಗಂಟಲು ಹಿಡೀತು, ಸ್ವಲ್ಪ ಕಡಿಮೆ. ಮೂರು ಗಿಡ್ಡ ಸಾಲಿನ ಬದಲು ಎರಡೇ ಬಾರಿಸಿ ನಿಲ್ಲಿಸ್ದೆ, ಆಗ ಏನೂ ಆಗ್ಲಿಲ್ಲ ನೋಡಿ, ಬಾಗಿಲು ಮುಚ್ಚಿದಷ್ಟು ಸಪ್ಪೆ. ಹಂಗಾಗಿ ಮೇಷ್ಟ್ರ ಮೂರನೇ ಸಾಲಿಗೆ ನನ್ನ ಓಟು. ಮೇಡಂ ಬೇಜಾರು ಮಾಡ್ಕೋಬೇಡಿ.

ಕಿತ್ತಳೆ ತೋಟದ ಅಕ್ಕ, ನಮ್ಮ ಶಾಲೇಲೂ ಎರಡೇ ಪದ್ಯ ಹಾಡಿಸಿದ್ದು, ಇದು ಅಗಸ್ತ್ಯನ ತಪದ ಮಣೆ ಬಾಯಿಗೆ ಬರಲ್ಲ ನನಗೆ. ಅಂದ್ರೆ ಇಷ್ಟು ವರ್ಷದಿಂದ ನಾನು ಹಾಡಿಕೊಂಡಿರೋದು ಅರ್ಧ ಹಾಡು, ದೂರದಲ್ಲಿ ತೋರಿಸಿ ನಿಲ್ಲಿಸಿರೋ ಹಾಡು. ಅದೂ ಒಂದು ಕಾರಣ ಇರ್ಬಹುದು. ಪೂರ್ತಿ ಹಾಡೋಣ ಅಂತ ಇದೀನಿ, ಆ ‘ಇದು’ಗೆ ಧಾಟಿ ಬೇರೆ ಬೇಕಾ, ಮೊದಲ ಪದ್ಯದ ಧಾಟೀನೇ ನಡೆಯುತ್ತಾ?

ಶ್ರುತಿಪೆಟ್ಟಿಗೆ:

ಬೇಜಾರು ಏನೂ ಇಲ್ಲ 😊 ಆದ್ರೆ ಒಬ್ಬರೇ ಬಾರಿಸೋದಕ್ಕೂ ಐವತ್ತು ಗಂಟಲು ಒಟ್ಟಿಗೆ ಆ ಷಡ್ಜ ಮುಟ್ಟೋದಕ್ಕೂ ವ್ಯತ್ಯಾಸ ಇದೆ, ನನ್ನ ಓಟು ನನಗೇ.

ಧಾಟಿ ಅದೇ ನಡೆಯುತ್ತೆ, ಗಣ ಒಂದೇ ಅಲ್ವಾ. ಆದ್ರೆ ನಾನಾಗಿದ್ರೆ ‘ಇದು’ ಅನ್ನೋದನ್ನ ಮೇಲೆ ಎತ್ತಲ್ಲ, ಕೆಳಗಿನ ಷಡ್ಜದಿಂದಲೇ ಶುರು ಮಾಡ್ತೀನಿ, ಅಕ್ಕ ಹೇಳಿದಂಗೆ ನೆಲ ತೋರಿಸೋ ಸಾಲು ಅದು. ಶ್ರುತಿ ಬಿಳಿ ಎರಡು (ಕೀಬೋರ್ಡಿನ ಡಿ) ಇಟ್ಕೊಳ್ಳಿ, ಅದಕ್ಕಿಂತ ಮೇಲೆ ಹೋದ್ರೆ ದೊಡ್ಡೋರ ಗಂಟಲಿಗೆ ‘ಅಲ್ಲೆ’ ಕಿರುಚಿದಂಗೆ ಆಗುತ್ತೆ. ಈ ಸಲ ನನ್ನ ಮಕ್ಕಳಿಗೂ ಪೂರ್ತಿ ಪದ್ಯ ಕಲಿಸೋಣ ಅಂತಿದೀನಿ, ಪ್ರೋಗ್ರಾಂನೋರು ಮೂರು ನಿಮಿಷ ಅಂತಾರೆ, ನೋಡ್ಬೇಕು ಯಾರ ಹತ್ರ ಜಗಳ ಆಡ್ಬೇಕು ಅಂತ.

ಕಿತ್ತಳೆ_ತೋಟ:

ಜಗಳಕ್ಕೆ ಜನ ಬೇಕಿದ್ರೆ ಹೇಳಿ, ಅಮ್ಮತ್ತಿಯಿಂದ ಒಂದು ಜೀಪು ತುಂಬಾ ಬರ್ತೀವಿ. ಹಾಡೋಕೂ ಬರ್ತೀವಿ, ಕೈ ಯಾವ ಕಡೆ ತೋರಿಸ್ಬೇಕು ಅಂತ ಈ ಸಲ ಮೊದಲೇ ಹೇಳ್ಬಿಡಿ.